ನೆಲ ನಿಜಕ್ಕೂ ಡೊಂಕು

"ಗಾಲ್ಫ್ ಅಂದ್ರೆ ಟೆಕ್ನಿಕ್ಕು. ಡಿಸ್ಕಸ್ಸು, ಜಾವೆಲಿನ್ನು ಅಂದ್ರೆ ತಾಕತ್ತು." ಬೆಂಗಳೂರಿನ ಐಟಿ ಆಫೀಸುಗಳಲ್ಲಿ ಕಾಫಿ ಮಷೀನಿನ ಪಕ್ಕ ನಿಂತು ಈ ಮಾತನ್ನ ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಟ್ಟಿಲ್ಲ. ಹೇಳೋರು ಕೆಟ್ಟವರೇನಲ್ಲ, ಕೆಲವರು ನನ್ನ ಸ್ನೇಹಿತರೇ. ಆದರೆ ಮಾತು ಮಾತ್ರ ಶುದ್ಧ ಸುಳ್ಳು. ಬರೀ ಸುಳ್ಳಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಈ ಸುಳ್ಳಿಗೆ ದಂಡ ಕಟ್ಟುತ್ತಿರುವವರು ಮಂಡ್ಯ, ಮದ್ದೂರು, ಮಳವಳ್ಳಿಯ ಶಾಲಾ ಮೈದಾನಗಳಲ್ಲಿ ಬರಿಗಾಲಲ್ಲಿ ನಿಂತಿರುವ ಮಕ್ಕಳು. ಅದಕ್ಕೇ ಬರೀತಾ ಇದೀನಿ.

ಕಳೆದ ವರ್ಷ ನಮ್ಮ ಟೀಮು ಔಟಿಂಗ್ ಅಂತ ಒಂದು ಗಾಲ್ಫ್ ಡ್ರೈವಿಂಗ್ ರೇಂಜಿಗೆ ಹೋಗಿತ್ತು. ಅಲ್ಲಿನ ಕೋಚ್ ನಮ್ಮ ಹೊಡೆತಗಳನ್ನ ಟ್ಯಾಬಿನಲ್ಲಿ ಸ್ಲೋ ಮೋಷನ್ ಮಾಡಿ ತೋರಿಸ್ತಾ ಇದ್ದರು. "ಕೈ ಮರೆತುಬಿಡಿ. ಮೊದಲು ಸೊಂಟ, ಅದರ ಹಿಂದೆ ಭುಜ, ಕೈ ಕಟ್ಟಕಡೆಗೆ" ಅಂದರು. ನಮ್ಮ ಹುಡುಗರು ಹೊಸ ಫ್ರೇಮ್‌ವರ್ಕ್ ಕಂಡವರ ಹಾಗೆ ಕಣ್ಣರಳಿಸಿದರು. "ಡಿಸ್ಕಸ್ ಎಸೆಯೋದೂ ಇದೇ ಕ್ರಮದಲ್ಲೇ ಅಲ್ವಾ?" ಅಂದೆ ನಾನು. ಪಕ್ಕದಲ್ಲಿದ್ದವನು ನಕ್ಕ. "ಅಯ್ಯೋ ಬಿಡು ಮಂಡ್ಯ, ಅದು ಮುದ್ದೆ ಪವರ್ರು. ಇದು ಬಯೋಮೆಕ್ಯಾನಿಕ್ಸು."

ಎಲ್ಲರೂ ನಕ್ಕರು. ಮುದ್ದೆಯ ವಿಷಯಕ್ಕೆ ನಾನು ಜಗಳ ಆಡಲ್ಲ, ಅದು ತನ್ನನ್ನ ತಾನೇ ನೋಡ್ಕೊಳ್ಳುತ್ತೆ. ಬಯೋಮೆಕ್ಯಾನಿಕ್ಸ್ ವಿಷಯಕ್ಕೆ ಮಾತ್ರ ಜಗಳ ಆಡಲೇಬೇಕು.

ಗಾಲ್ಫಿನಲ್ಲಿ ಕ್ಲಬ್ಬನ್ನ ಹಿಂದಕ್ಕೆ ಎತ್ತುವಾಗ ಭುಜ ಹೆಚ್ಚು ತಿರುಗುತ್ತೆ, ಸೊಂಟ ಕಡಿಮೆ ತಿರುಗುತ್ತೆ. ಒದ್ದೆ ಪಂಚೆ ಹಿಂಡಿದ ಹಾಗೆ ನಡು ತಿರುಚಿಕೊಳ್ಳುತ್ತೆ. ಕೆಳಕ್ಕೆ ಬರುವಾಗ ಮೊದಲು ಹೊರಡೋದು ಕೈ ಅಲ್ಲ. ಕಾಲು ನೆಲವನ್ನ ಒತ್ತುತ್ತೆ, ಮೈತೂಕ ಗುರಿಯ ಕಡೆಯ ಕಾಲಿಗೆ ಸರಿಯುತ್ತೆ, ಸೊಂಟ ತಿರುಗುತ್ತೆ. ಆಮೇಲೆ ಎದೆ, ಆಮೇಲೆ ತೋಳು, ಕೊನೆಗೆ ಕ್ಲಬ್ಬು. ಇಷ್ಟೂ ಮುಗಿಯೋದು ಸುಮಾರು ಕಾಲು ಸೆಕೆಂಡಿನಲ್ಲಿ. ಇದಕ್ಕೆ ಕೈನಮ್ಯಾಟಿಕ್ ಸೀಕ್ವೆನ್ಸ್ ಅಂತ ಹೆಸರಿಟ್ಟಿದ್ದಾರೆ.

ಇದರ ಗುಟ್ಟು ಇರೋದು ಬ್ರೇಕಿನಲ್ಲಿ. ಜೋರಾಗಿ ಹೊರಟ ಸೊಂಟ ನಿಧಾನವಾದಾಗ ಅದರ ವೇಗ ಎದೆಗೆ ದಾಟುತ್ತೆ. ಎದೆ ನಿಧಾನವಾದಾಗ ತೋಳಿಗೆ, ತೋಳು ನಿಧಾನವಾದಾಗ ಕ್ಲಬ್ಬಿಗೆ. ಹಳೇ ಹೈವೇಯಲ್ಲಿ ಕೆಂಪು ಬಸ್ಸು ಮದ್ದೂರಿನ ಹತ್ತಿರ ಗಕ್ಕನೆ ಬ್ರೇಕ್ ಹಾಕಿದಾಗ ಹಿಂದೆ ನಿಂತಿದ್ದವನು ಡ್ರೈವರ್ ಪಕ್ಕಕ್ಕೆ ಬಂದು ಬೀಳ್ತಾನಲ್ಲ, ಅದೇ ಲೆಕ್ಕ. ಗಾಡಿ ಹೊಡೆಯುವವನ ಚಾವಟಿ ಛಟೀರ್ ಅನ್ನೋದೂ ಹೀಗೇ. ಹಿಡಿ ನಿಲ್ಲುತ್ತೆ, ತುದಿ ಹಾರುತ್ತೆ. ದೊಡ್ಡ ಟೂರ್‌ಗಳಲ್ಲಿ ಆಡುವ ಗಂಡಸರ ಡ್ರೈವರ್ ಚೆಂಡಿಗೆ ತಾಗುವಾಗ ಗಂಟೆಗೆ 180 ಕಿ.ಮೀ. ಆಸುಪಾಸಿನ ವೇಗದಲ್ಲಿರುತ್ತೆ. ಬರೀ ತೋಳಿನಿಂದ ಅಷ್ಟು ವೇಗ ಹುಟ್ಟೋದಿಲ್ಲ.

ಈಗ ಎಸೆತಕ್ಕೆ ಬನ್ನಿ. 2025ರ ಜುಲೈ 5ರಂದು ಕಂಠೀರವ ಕ್ರೀಡಾಂಗಣದಲ್ಲಿ ನೀರಜ್ ಚೋಪ್ರಾ 86.18 ಮೀಟರ್ ಎಸೆದು ಗೆದ್ದರು. ನಿಮ್ಮಲ್ಲಿ ಎಷ್ಟೋ ಜನ ಅಲ್ಲಿ ಕೂತು ರೀಲ್ಸ್ ಮಾಡಿದ್ದೀರಿ. ಆ ವಿಡಿಯೋನ ಈಗ ನಿಧಾನ ಮಾಡಿ ನೋಡಿ. ಓಡಿ ಬಂದ ಮನುಷ್ಯ ಎಡಗಾಲನ್ನ ಕಂಬದ ಹಾಗೆ ನೆಲಕ್ಕೆ ಊರುತ್ತಾರೆ. ಮಂಡಿ ಮಡಚಿದರೆ ಕಥೆ ಮುಗೀತು. ಕಾಲು ನಿಂತ ತಕ್ಷಣ ಸೊಂಟ ಮುಂದಕ್ಕೆ ತಿರುಗುತ್ತೆ, ಎದೆ ಬಿಲ್ಲಿನ ಹಾಗೆ ಬಾಗುತ್ತೆ, ಕೈ ಇನ್ನೂ ಹಿಂದೆಯೇ ಇರುತ್ತೆ. ಕೊನೆಗೆ ತೋಳು, ಮಣಿಕಟ್ಟು. 800 ಗ್ರಾಂ ತೂಕದ ಜಾವೆಲಿನ್ ಗಂಟೆಗೆ ನೂರು ಕಿ.ಮೀ. ವೇಗದಲ್ಲಿ ಕೈ ಬಿಡುತ್ತೆ. ಕಾಲು, ಸೊಂಟ, ಎದೆ, ತೋಳು, ಕೈಯಲ್ಲಿರೋ ವಸ್ತು. ಅದೇ ಸಾಲು, ಅದೇ ಬ್ರೇಕು.

ಡಿಸ್ಕಸ್ ಇನ್ನೂ ಹತ್ತಿರದ ನೆಂಟ. ಗಂಡಸರದ್ದು 2 ಕೆ.ಜಿ., ಹೆಂಗಸರದ್ದು 1 ಕೆ.ಜಿ. ಎರಡೂವರೆ ಮೀಟರ್ ಅಗಲದ ವೃತ್ತದೊಳಗೆ, ಎಸೆಯುವ ದಿಕ್ಕಿಗೆ ಬೆನ್ನು ಹಾಕಿ ನಿಂತು, ಒಂದೂವರೆ ಸುತ್ತು ತಿರುಗಿ, ಸೊಂಟ ಮುಂದೆ ಹೋಗಿ ಭುಜ ಹಿಂದುಳಿದು, ಎಲ್ಲಕ್ಕಿಂತ ಹಿಂದೆ ಡಿಸ್ಕಸ್ ಎಳೆದುಕೊಂಡು ಬರಬೇಕು. ಹ್ಯಾಮರ್ ಅಂತೂ ಗಾಲ್ಫಿನ ಅಣ್ಣನೇ. ಎರಡೂ ಕೈ ಹಿಡಿ ಮೇಲೆ, ತುದಿಯಲ್ಲಿ ತೂಕ. ಗಂಡಸರ ಹ್ಯಾಮರ್ 7.26 ಕೆ.ಜಿ. ಗಾಲ್ಫ್ ಆಟಗಾರ ಒಂದು ಸಲ ಬೀಸೋದನ್ನ ಹ್ಯಾಮರಿನವನು ಮೂರು ನಾಲ್ಕು ಸುತ್ತು ತಾನೂ ತಿರುಗುತ್ತಾ ಬೀಸುತ್ತಾನೆ.

ಸೊಂಟ ಮತ್ತು ಭುಜದ ನಡುವಿನ ಈ ತಿರುಚಿಗೆ 1990ರ ದಶಕದಲ್ಲಿ ಅಮೆರಿಕದ ಗಾಲ್ಫ್ ಗುರು ಜಿಮ್ ಮೆಕ್ಲೀನ್ 'ಎಕ್ಸ್-ಫ್ಯಾಕ್ಟರ್' ಅಂತ ಹೆಸರು ಕೊಟ್ಟರು. ಕೇಳೋಕೆ ಸಿನಿಮಾ ಟೈಟಲ್ ಥರ ಇದೆ, ಚೆನ್ನಾಗಿ ಓಡ್ತು. ಆದರೆ ಗ್ರೀಸಿನ ಶಿಲ್ಪಿ ಮೈರನ್ ಡಿಸ್ಕಸ್ ಎಸೆಯುವವನ ವಿಗ್ರಹ ಮಾಡಿದ್ದು ಕ್ರಿಸ್ತಪೂರ್ವ 5ನೇ ಶತಮಾನದಲ್ಲಿ. ಅದರ ನಡು ನೋಡಿ, ಹಿಂಡಿದ ಪಂಚೆಯೇ. ಎಸೆಯುವವನಿಗೆ ಗೊತ್ತಿದ್ದದ್ದು ಗಾಲ್ಫಿಗೆ ಹೊಸದಾಗಿ ಗೊತ್ತಾಗಲಿಲ್ಲ, ಹೊಸದಾಗಿ ಪ್ಯಾಕೇಜ್ ಆಯಿತು ಅಷ್ಟೆ.

ನಮ್ಮ ಭಾಷೆಗೂ ಇದು ಗೊತ್ತಿತ್ತು ಅನ್ಸುತ್ತೆ. ದೊಣ್ಣೆ ಬೀಸ್ತೀವಿ, ಕವಣೆ ಬೀಸ್ತೀವಿ, ಬಲೆ ಬೀಸ್ತೀವಿ. ಮೊದಲನೆಯದರಲ್ಲಿ ಕೈಯಲ್ಲಿರೋದು ಕೈಯಲ್ಲೇ ಉಳಿಯುತ್ತೆ, ಎರಡನೆಯದರಲ್ಲಿ ಕಲ್ಲು ಹೋಗುತ್ತೆ, ಮೂರನೆಯದರಲ್ಲಿ ಬಲೆಯೇ ಹೋಗುತ್ತೆ. ಮೂರಕ್ಕೂ ಒಂದೇ ಕ್ರಿಯಾಪದ. ನಾಲೆ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಹೆಂಗಸರನ್ನ ನೋಡಿ. ಸೀರೆ ತಲೆ ಮೇಲೆ ಹೋಗಿರುತ್ತೆ, ಸೊಂಟ ಆಗಲೇ ಕಲ್ಲಿನ ಕಡೆ ತಿರುಗಿರುತ್ತೆ. ಕಣದಲ್ಲಿ ಬತ್ತದ ಹೊರೆ ಬಡಿಯುವವರೂ ಅಷ್ಟೆ. ಬರೀ ಕೈಯಲ್ಲಿ ಬಡಿದರೆ ಹತ್ತು ಹೊರೆಗೇ ಭುಜ ಬಿದ್ದು ಹೋಗುತ್ತೆ.

ನಿಲ್ಲಿ, ನಾನು ಹಳ್ಳಿ ಪುರಾಣ ಶುರು ಮಾಡ್ತಾ ಇಲ್ಲ. ಬಟ್ಟೆ ಒಗೆದವರೆಲ್ಲ ಒಲಿಂಪಿಕ್ಸಿಗೆ ಹೋಗ್ತಿದ್ರು ಅಂತ ಹೇಳೋಕೆ ನನಗೇನು ತಲೆ ಕೆಟ್ಟಿಲ್ಲ. ಒಗೆದೂ ಒಗೆದೂ ಅವರಿಗೆ ಬಂದದ್ದು ಪದಕ ಅಲ್ಲ, ಬೆನ್ನುನೋವು. ಈಗ ನಮ್ಮೂರಲ್ಲೂ ವಾಷಿಂಗ್ ಮಷೀನ್ ಇದೆ, ಗದ್ದೆಗೆ ಕಟಾವಿನ ಮಷೀನ್ ಬರುತ್ತೆ, ಐಕ್ಳು ಮೊಬೈಲು ಹಿಡ್ಕೊಂಡು ಕೂತಿರ್ತವೆ. 'ಹಳ್ಳಿಯವರಿಗೆ ಹುಟ್ಟಾ ತಾಕತ್ತು' ಅನ್ನೋದು ಹೊಗಳಿಕೆ ಅಲ್ಲ, ಬುದ್ಧಿ ಇಲ್ಲ ಅನ್ನೋದನ್ನ ಮರ್ಯಾದೆಯಾಗಿ ಹೇಳುವ ದಾರಿ. ನನ್ನ ವಾದ ಇಷ್ಟೇ: ಎರಡು ಆಟದಲ್ಲೂ ಇಂಜಿನ್ ಒಂದೇ. ಒಂದಕ್ಕೆ ವಿಜ್ಞಾನ ಅಂತ, ಇನ್ನೊಂದಕ್ಕೆ ಕಸುವು ಅಂತ ಹೆಸರು ಕೊಡೋದು ಮೋಸ.

ವ್ಯತ್ಯಾಸ ಇಲ್ಲವೇ ಇಲ್ಲ ಅಂತಲ್ಲ. ಗಾಲ್ಫಿನಲ್ಲಿ ಚೆಂಡು ಸುಮ್ಮನೆ ಕೂತಿರುತ್ತೆ, ಆಡುವವನು ನಿಂತ ಜಾಗದಿಂದ ಕದಲಲ್ಲ. ಕ್ಲಬ್ಬಿನ ಮುಖ ಸ್ವಲ್ಪ ಓರೆಯಾದರೂ 46 ಗ್ರಾಮಿನ ಆ ಚೆಂಡು ಪಕ್ಕದ ಪೊದೆಗೆ ಹೋಗುತ್ತೆ. ಆ ನಿಖರತೆಗೆ ನನ್ನ ನಮಸ್ಕಾರ. ಡ್ರೈವರಿನಲ್ಲಿ ಹೊಡೆದ ಚೆಂಡು ಹನ್ನೆರಡು ಡಿಗ್ರಿ ಆಸುಪಾಸಿನಲ್ಲಿ ಹೊರಟರೂ ದೂರ ಹೋಗುತ್ತೆ, ಹಿಂದಕ್ಕೆ ಸುತ್ತುವ ಚೆಂಡನ್ನ ಗಾಳಿಯೇ ಎತ್ತಿ ಹಿಡಿಯುತ್ತೆ. ಜಾವೆಲಿನ್ನು, ಡಿಸ್ಕಸ್ಸಿಗೆ ಮೂವತ್ತು ಡಿಗ್ರಿಗೂ ಮೇಲೆ ಬೇಕು, ಗಾಳಿ ಎದುರು ಬಂದಾಗ ಅದನ್ನೂ ತಿದ್ದಬೇಕು. ಈ ವ್ಯತ್ಯಾಸಗಳನ್ನ ಪಟ್ಟಿ ಮಾಡಿ ನೋಡಿದರೆ ಎಸೆತ ಸುಲಭ ಅನ್ನಿಸುತ್ತಾ ಹೇಳಿ. ಗಾಲ್ಫ್ ಆಟಗಾರನಿಗೆ ನೆಲ ಸ್ಥಿರ. ಡಿಸ್ಕಸ್ಸಿನವನು ಪಾದದ ತುದಿಯಲ್ಲಿ ತಿರುಗುತ್ತಾ, ಕಣ್ಣು ಸುತ್ತುತ್ತಿರುವಾಗಲೇ ದಿಕ್ಕು ಹಿಡಿದು ಬಿಟ್ಟು, ವೃತ್ತದ ಗೆರೆ ದಾಟದೆ ನಿಲ್ಲಬೇಕು. ದಾಟಿದರೆ ಫೌಲು, ಎಸೆದದ್ದು ಎಷ್ಟೇ ದೂರ ಹೋಗಿರಲಿ.

"ಎಸೆಯೋರೆಲ್ಲ ಗಜಗಾತ್ರದವರೇ ಇರ್ತಾರಲ್ಲ?" ಅಂತ ಕೇಳ್ತೀರಿ. ಸರಿಯಾದ ಪ್ರಶ್ನೆ. ಭಾರದ ವಸ್ತು ಎಸೆಯೋಕೆ ಭಾರದ ಮೈ ಅನುಕೂಲ, ಅದನ್ನ ಅಲ್ಲಗಳೆಯಲ್ಲ. ಆದರೆ ಗಾಲ್ಫಿನಲ್ಲಿ ಮೈ ಬೇಡವೇ? ಅಮೆರಿಕದ ಬ್ರೈಸನ್ ಡಿಶಾಂಬೋ ಜಿಮ್ಮಿನಲ್ಲಿ ಮೈ ಬೆಳೆಸಿಕೊಂಡು ಬಂದು 2020ರ ಯುಎಸ್ ಓಪನ್ ಗೆದ್ದರು. ಆಗ ಯಾರೂ ಗಾಲ್ಫನ್ನ 'ಬರ್ಗರ್ ಪವರ್ರು' ಅನ್ನಲಿಲ್ಲ. ಅದೂ ಸೈನ್ಸೇ ಆಯಿತು.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಎಸೆತ ಅಂದ್ರೆ ಬರೀ ತಾಕತ್ತು ಅನ್ನೋ ನಂಬಿಕೆ ಎಲ್ಲಿಂದ ಬಂತು?

ನಮ್ಮ ಕಡೆ ಹೋಬಳಿ ಮಟ್ಟದ, ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟ ನೋಡಿದ್ದೀರಾ? ನಾನು ಮಳವಳ್ಳಿ ತಾಲ್ಲೂಕಿನ ಹಳ್ಳಿಯಲ್ಲಿ ಬೆಳೆದವನು, ಹುಡುಗನಾಗಿದ್ದಾಗಿಂದ ನೋಡ್ಕೊಂಡು ಬಂದಿದ್ದೀನಿ. ಬೆಳಗ್ಗೆ ದೈಹಿಕ ಶಿಕ್ಷಕರು ಒಂದು ಗೂಟ, ಒಂದು ಹಗ್ಗ ಹಿಡಿದು ಮಣ್ಣಿನ ಮೇಲೆ ಸುಣ್ಣದ ಪುಡಿಯಲ್ಲಿ ವೃತ್ತ ಎಳೀತಾರೆ. ಹಿಂದಿನ ರಾತ್ರಿ ಮಳೆ ಬಂದಿದ್ದರೆ ಕೆಸರು, ಬರದಿದ್ದರೆ ಜಲ್ಲಿಪುಡಿ. ಅವರ ಮೇಲೆ ನನ್ನ ದೂರಿಲ್ಲ. ನೂರಾರು ಮಕ್ಕಳು, ನಾಲ್ಕೈದು ಆಟ, ಒಬ್ಬರೇ ಮೇಷ್ಟ್ರು, ಅದರ ಮೇಲೆ ಎಲ್ಲ ಸರ್ಕಾರಿ ಕೆಲಸ. ಎಷ್ಟೋ ಶಾಲೆಯಲ್ಲಿ ಆ ಒಬ್ಬರೂ ಇಲ್ಲ.

ಆ ಮಣ್ಣಿನಲ್ಲಿ ಏನಾಗುತ್ತೆ ಯೋಚನೆ ಮಾಡಿ. ಪಾದದ ತುದಿಯ ಮೇಲೆ ತಿರುಗೋಕೆ ಹೋದರೆ ಪಾದ ಬರ್ಮಾ ಹಾಕಿದ ಹಾಗೆ ಒಳಗೆ ಇಳಿಯುತ್ತೆ. ಇಲ್ಲಾ ಜಾರುತ್ತೆ. ಅಂದ ಮೇಲೆ ಸುತ್ತು ಇಲ್ಲ. ಮಗು ನಿಂತಲ್ಲೇ ನಿಂತು ಕೈಯಲ್ಲಿ ಎಸೆಯುತ್ತೆ. ಎಲ್ಲರೂ ಕೈಯಲ್ಲೇ ಎಸೆದಾಗ ಗೆಲ್ಲೋರು ಯಾರು? ತರಗತಿಯಲ್ಲಿ ಎಲ್ಲರಿಗಿಂತ ದಪ್ಪ ತೋಳಿನವನು. ಜಿಲ್ಲಾ ಮಟ್ಟಕ್ಕೆ ಅವನೇ ಹೋಗ್ತಾನೆ. ಅವನನ್ನ ನೋಡಿದ ನಾವು "ನೋಡಿ, ಎಸೆತ ಅಂದ್ರೆ ತಾಕತ್ತು" ಅಂತೀವಿ. ತಾಕತ್ತಿನ ಆಟಕ್ಕೆ ಟೆಕ್ನಿಕ್ ಯಾಕೆ, ಕಾಂಕ್ರೀಟ್ ವೃತ್ತ ಯಾಕೆ, ಕೋಚ್ ಯಾಕೆ ಅಂತ ಸುಮ್ಮನಾಗ್ತೀವಿ. ಮುಂದಿನ ವರ್ಷ ಮತ್ತೆ ಅದೇ ಸುಣ್ಣ, ಅದೇ ಮಣ್ಣು.

ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಟೆಸ್ಟ್ ಸರ್ವರಿನಲ್ಲಿ ಒಂದು ಫೀಚರನ್ನ ಆಫ್ ಮಾಡಿಟ್ಟು, ಆಮೇಲೆ ಆ ಫೀಚರ್ ಬಳಸೋರೇ ಇಲ್ಲ ಅಂತ ರಿಪೋರ್ಟ್ ಬರೆದ ಹಾಗೆ. ಗಾಲ್ಫನ್ನೂ ಇದೇ ಥರ ಆಡಿಸಿ ನೋಡೋಣ. ನಾಟಿಗೆ ಸಿದ್ಧವಾದ ಗದ್ದೆಯಲ್ಲಿ ನಲವತ್ತು ಮಕ್ಕಳನ್ನ ಮಂಡಿಮಟ್ಟ ಕೆಸರಲ್ಲಿ ನಿಲ್ಲಿಸಿ, ಎಲ್ಲರಿಗೂ ಸೇರಿ ಒಂದೇ ಕ್ಲಬ್ ಕೊಟ್ಟು, ಹೊಡೀರಿ ಅನ್ನಿ. ಆ ದಿನ ಗಾಲ್ಫೂ ತಾಕತ್ತಿನ ಆಟವೇ ಆಗುತ್ತೆ.

ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ ಅಂತ ಗಾದೆ ಇದೆ. ಕೈಲಾಗದವರ ನೆಪಕ್ಕೆ ಆ ಗಾದೆ. ಈ ಮಕ್ಕಳ ವಿಷಯದಲ್ಲಿ ಗಾದೆ ಹೇಳಬೇಡಿ. ಇಲ್ಲಿ ನೆಲ ನಿಜಕ್ಕೂ ಡೊಂಕು.

ನನ್ನ ಅಕ್ಕನ ಮಗಳು ಹೈಸ್ಕೂಲಿನಲ್ಲಿ ಡಿಸ್ಕಸ್ ಎಸೆಯುತ್ತಿದ್ದಳು. ತೂಕ ನಲವತ್ತೆಂಟು ಕೆ.ಜಿ. "ನಿನಗೆ ಮೈ ಸಾಲದು, ಬಿಟ್ಬುಡು" ಅಂತ ಅವಳಿಗೆ ಹೇಳಿದರು. ಹೇಳಿದವರು ಯಾರು ಅನ್ನೋದು ಬೇಡ, ಅವರೂ ಹಾಗೇ ಕಲಿತವರು. ಬರೀ ಕೈಯಲ್ಲಿ ಎಸೆದೂ ಎಸೆದೂ ಬಲಭುಜ ನೋವು ಬೇರೆ. ಸಂಕ್ರಾಂತಿ ರಜೆಯಲ್ಲಿ ಊರಿಗೆ ಹೋಗಿದ್ದಾಗ ಮನೆ ಮುಂದಿನ ಸಿಮೆಂಟ್ ಅಂಗಳದಲ್ಲಿ ಅವಳನ್ನ ನಿಲ್ಲಿಸಿ, ಎದುರಿನ ಕುಯ್ಲಾದ ಗದ್ದೆಯಿಂದ ಜನ, ದನ ಎಲ್ಲ ಓಡಿಸಿ, ಫೋನಿನಲ್ಲಿ ಸ್ಲೋ ಮೋಷನ್ ಹಿಡಿದೆ. ಡ್ರೈವಿಂಗ್ ರೇಂಜಿನ ಕೋಚ್ ನನಗೆ ಹೇಳಿದ್ದನ್ನೇ ಒಂದಕ್ಷರ ಬದಲಾಯಿಸದೆ ಹೇಳಿದೆ: ಮೊದಲು ಸೊಂಟ, ಕೈ ಕಟ್ಟಕಡೆಗೆ.

"ಮಾವ, ಎಲ್ರೂ ಕೈಲಿ ಎಸಿ ಅಂತಾರೆ, ನೀನು ಸೊಂಟದಲ್ಲಿ ಎಸಿ ಅಂತೀಯಲ್ಲ" ಅಂತ ನಕ್ಕಳು. ಮೊದಲ ದಿನ ಕಾಲು ತೊಡರಿ ಎರಡು ಸಲ ಕೂತುಬಿಟ್ಟಳು. ನಾಲ್ಕನೇ ದಿನಕ್ಕೆ ಸುತ್ತು ಕೂಡಿ ಬಂತು. ನಿಂತು ಎಸೆದಾಗ ಹದಿನೇಳು ಮೀಟರ್ ಹೋಗ್ತಿದ್ದದ್ದು ತಿರುಗಿ ಎಸೆದಾಗ ಇಪ್ಪತ್ತು ದಾಟಿತು. ನಾಲ್ಕು ದಿನದಲ್ಲಿ ಅವಳ ತೋಳು ದಪ್ಪ ಆಗಲಿಲ್ಲ. ಕಾಲ ಕೆಳಗೆ ಸಿಮೆಂಟ್ ಬಂತು, ಅಷ್ಟೆ. ಅವಳು ಶಾಲೆಗೆ ವಾಪಸ್ ಹೋದಳು, ಅಲ್ಲಿ ಮತ್ತೆ ಮಣ್ಣು. ತಾಲ್ಲೂಕಿನಲ್ಲಿ ಅವಳಿಗೆ ಸ್ಥಾನ ಬರಲಿಲ್ಲ. ಈಗ ಪಿಯುಸಿ, ಡಿಸ್ಕಸ್ ಬಿಟ್ಟಿದ್ದಾಳೆ.

ನೆಲ ಸಿಕ್ಕವರ ಕಥೆಯನ್ನೂ ಕೇಳಿ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ, ಇವತ್ತಿಗೂ ಊರಿನ ನಟ್ಟನಡುವೆ ಸ್ಯಾಂಕಿ ರಸ್ತೆಯಲ್ಲಿದೆ. ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೇ ಸ್ಥಾನ ಪಡೆದ ನಮ್ಮ ಅದಿತಿ ಅಶೋಕ್ ಐದನೇ ವಯಸ್ಸಿನಲ್ಲಿ ಕ್ಲಬ್ ಹಿಡಿದದ್ದು ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ರೇಂಜಿನಲ್ಲಿ. ಪ್ರತಿಭೆ ಅವರದ್ದೇ, ಶ್ರಮವೂ ಅವರದ್ದೇ, ಆದರೆ ಹತ್ತಿರದಲ್ಲಿ ಹುಲ್ಲು ಇತ್ತು. ಹುಲ್ಲು ಶ್ರೀಮಂತರಿಗೆ ಮಾತ್ರ ಒಲಿಯುತ್ತೆ ಅಂತಲೂ ಇಲ್ಲ. ಬೆಂಗಳೂರಿನ ಸಿ. ಮುನಿಯಪ್ಪ ಬೇರೆಯವರ ಬ್ಯಾಗ್ ಹೊರುವ ಕ್ಯಾಡಿಯಾಗಿದ್ದವರು, 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬಿಡದಿ ಹತ್ತಿರದ ಈಗಲ್ಟನ್ ಕೋರ್ಸಿನ ಪಕ್ಕದ ಹಳ್ಳಿಯಲ್ಲಿ ಬೆಳೆದ ಎಸ್. ಚಿಕ್ಕರಂಗಪ್ಪ ವೃತ್ತಿಪರ ಆಟಗಾರರಾಗಿ ಹಲವು ಟೂರ್ನಿ ಗೆದ್ದರು. ಹಳ್ಳಿಯ ಸೊಂಟಕ್ಕೆ ಟೆಕ್ನಿಕ್ ಬರಲ್ಲ ಅನ್ನುವವರು ಈ ಇಬ್ಬರಿಗೆ ಉತ್ತರ ಕೊಡಲಿ. ಬೇಲಿಯ ಆಚೆ ನೆಲ ಇತ್ತು, ಮೈ ಕಲಿಯಿತು.

ಇದನ್ನೇ ತಿರುಗಿಸಿ ನೋಡಿ. ವಿಕಾಸ್ ಗೌಡ 1983ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. ಮಂಡ್ಯದಿಂದ ಮುಕ್ಕಾಲು ಗಂಟೆ ದಾರಿ. ತಂದೆ ಶಿವೇಗೌಡರು ಅಥ್ಲೆಟಿಕ್ಸ್ ಕೋಚ್. ಮಗು ಚಿಕ್ಕದಿದ್ದಾಗಲೇ ಸಂಸಾರ ಅಮೆರಿಕಕ್ಕೆ ಹೋಯಿತು. ಅಲ್ಲಿನ ಶಾಲೆ, ಆಮೇಲೆ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯ. 2006ರಲ್ಲಿ ಅಮೆರಿಕದ ಕಾಲೇಜು ಚಾಂಪಿಯನ್. 2012ರಲ್ಲಿ ಲಂಡನ್ ಒಲಿಂಪಿಕ್ಸಿನಲ್ಲಿ ಎಂಟನೇ ಸ್ಥಾನ. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 63.64 ಮೀಟರ್ ಎಸೆದು ಚಿನ್ನ. ಭಾರತದ ಗಂಡಸರಿಗೆ ಆ ಕೂಟದ ಅಥ್ಲೆಟಿಕ್ಸಿನಲ್ಲಿ 1958ರ ಮಿಲ್ಖಾ ಸಿಂಗ್ ನಂತರ ಸಿಕ್ಕ ಮೊದಲ ಚಿನ್ನ ಅದು. ಮೈ ನಮ್ಮ ಮೈಸೂರು ಸೀಮೆಯದು, ಬೆಳೆದ ವೃತ್ತ ಅಮೆರಿಕದ್ದು. ಅದೇ ಮಗು ನಮ್ಮ ಮಣ್ಣಿನ ವೃತ್ತದಲ್ಲಿ ಬೆಳೆದಿದ್ದರೆ ಏನಾಗ್ತಿತ್ತು ಅನ್ನೋದು ನಿಮ್ಮ ಊಹೆಗೆ.

ನಾನು ಗಾಲ್ಫ್ ಮುಚ್ಚಿ ಅಂತಿಲ್ಲ. ಆಡಿ, ಚೆನ್ನಾಗಿ ಆಡಿ. ನಾನು ಕೇಳ್ತಿರೋದು ತುಂಬಾ ಚಿಕ್ಕದು.

ಹದಿನೆಂಟು ಗುಂಡಿಯ ಗಾಲ್ಫ್ ಕೋರ್ಸಿಗೆ ಹತ್ತಾರು ಎಕರೆ ಬೇಕು. ಡಿಸ್ಕಸ್ ವೃತ್ತದ ವಿಸ್ತೀರ್ಣ ಐದು ಚದರ ಮೀಟರಿಗೂ ಕಡಿಮೆ. ಹತ್ತು ಸೆಂಟಿಮೀಟರ್ ದಪ್ಪ ಅಂದ್ರೂ ಅರ್ಧ ಘನ ಮೀಟರ್ ಕಾಂಕ್ರೀಟು. ನಾಲ್ಕು ಮೂಟೆ ಸಿಮೆಂಟು, ಮರಳು, ಜಲ್ಲಿ, ಸುತ್ತ ಒಂದು ಕಬ್ಬಿಣದ ಪಟ್ಟಿ, ಒಬ್ಬ ಗಾರೆಯವರು. ಒಳಗಿನ ನೆಲ ಪಟ್ಟಿಯ ಅಂಚಿಗಿಂತ ಎರಡು ಸೆಂಟಿಮೀಟರ್ ತಗ್ಗಿರಬೇಕು. ಗಾಜಿನ ಹಾಗೆ ನುಣ್ಣಗೆ ಮಾಡಬಾರದು, ಸ್ವಲ್ಪ ತರಿ ಇರಬೇಕು. ಗುಂಡು ಎಸೆತಕ್ಕೆ ಇನ್ನೂ ಚಿಕ್ಕದು ಸಾಕು, 2.135 ಮೀಟರ್. ಮರೆಯಬಾರದ್ದು ಬಲೆ. ಕೈ ತಪ್ಪಿದ ಡಿಸ್ಕಸ್ ಪ್ರಾಣ ತೆಗೆಯಬಲ್ಲದು, ಆದ್ದರಿಂದ ಮೂರು ಕಡೆ ಗಟ್ಟಿ ಕಂಬ, ಎತ್ತರದ ಬಲೆ ಇಲ್ಲದೆ ಮಕ್ಕಳ ಕೈಗೆ ಡಿಸ್ಕಸ್ ಕೊಡಲೇಬೇಡಿ. ಒಳ್ಳೆ ಬ್ರಾಂಡಿನ ಒಂದು ಹೊಸ ಡ್ರೈವರ್ ನಲವತ್ತು ಸಾವಿರ ದಾಟುತ್ತೆ. ಆ ದುಡ್ಡಲ್ಲಿ ವೃತ್ತದ ಕೆಲಸ ಮುಗಿದು ಬಲೆಗೂ ಒಂದಿಷ್ಟು ಉಳಿಯುತ್ತೆ.

ನಮ್ಮ ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪುಗಳು ಊರ ಶಾಲೆಗೆ ಏನು ಕೊಡುತ್ತವೆ? ಕಂಪ್ಯೂಟರ್, ಸ್ಮಾರ್ಟ್ ಬೋರ್ಡ್, ಗೋಡೆಗೆ ಬಣ್ಣ. ಆಫೀಸುಗಳ ಸಿಎಸ್ಆರ್ ದುಡ್ಡೂ ಅದಕ್ಕೇ. ಕೊಡಿ, ಬೇಡ ಅನ್ನಲ್ಲ. ಈ ಸಲ ಹೆಡ್ ಮೇಷ್ಟ್ರನ್ನ, ಪಿಟಿ ಮೇಷ್ಟ್ರನ್ನ ಕೂರಿಸಿಕೊಂಡು, ಮೈದಾನದ ಮೂಲೆಯಲ್ಲಿ ಒಂದು ವೃತ್ತ ಹಾಕಿಸಿ. ಕಂಪ್ಯೂಟರ್ ಐದಾರು ವರ್ಷಕ್ಕೆ ಹಳತಾಗುತ್ತೆ, ಕಾಂಕ್ರೀಟು ನಿಮ್ಮ ಮಕ್ಕಳ ಕಾಲಕ್ಕೂ ಇರುತ್ತೆ. ಎರಡು ವಾರಕ್ಕೊಮ್ಮೆ ಊರಿಗೆ ಹೋಗ್ತೀರಲ್ಲ, ಹೋದಾಗ ನಿಮ್ಮ ಸ್ವಿಂಗ್ ಹಿಡಿದ ಅದೇ ಫೋನಿನಲ್ಲಿ ಆ ಮಕ್ಕಳ ಎಸೆತ ಹಿಡಿದು ಪಿಟಿ ಮೇಷ್ಟ್ರ ಪಕ್ಕ ಕೂತು ನೋಡಿ. ನೀವು ಕೋಚ್ ಆಗಬೇಕಿಲ್ಲ. ಸೊಂಟ ಮೊದಲು ಹೊರಟಿತೋ ಕೈ ಮೊದಲು ಹೊರಟಿತೋ ಅನ್ನೋದು ಎರಡು ಸಾವಿರ ರೂಪಾಯಿ ಕೊಟ್ಟು ಗಾಲ್ಫ್ ಪಾಠ ಕೇಳಿದವರಿಗೆಲ್ಲ ಕಾಣುತ್ತೆ.

ಇಷ್ಟಾದ ಮೇಲೂ ಯಾರಾದರೂ 'ಮುದ್ದೆ ಪವರ್ರು' ಅಂದ್ರೆ ವಾದ ಮಾಡಬೇಡಿ. ತಾಲ್ಲೂಕು ಕ್ರೀಡಾಕೂಟದ ದಿನ ಮದ್ದೂರಿಗೋ ಮಳವಳ್ಳಿಗೋ ಕರ್ಕೊಂಡು ಬನ್ನಿ. ವಡೆ ನಾನು ಕೊಡಿಸ್ತೀನಿ. ಬೂಟು ಬಿಚ್ಚಿಸಿ, ಸುಣ್ಣದ ಗೆರೆಯೊಳಗೆ ನಿಲ್ಲಿಸಿ, ಕೈಗೆ ಡಿಸ್ಕಸ್ ಕೊಟ್ಟು, ಒಂದೂವರೆ ಸುತ್ತು ತಿರುಗಿ ಎಸೀರಿ ಸ್ವಾಮಿ ಅನ್ನಿ. ಬಿದ್ದರೆ ಎತ್ತೋಕೆ ಅಲ್ಲಿನ ಮಕ್ಕಳು ಇರ್ತಾರೆ. ಅವರಿಗೆ ಬಿದ್ದು ಏಳೋದು ಅಭ್ಯಾಸ.